ಏಳನೇ ಪುಟದ ‘ನಾ’

ಚಪ್ಪಲಿ ಕಿತ್ತುಹೋಗುವುದಕ್ಕೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ. ಸುಳ್ಳು. ಅದಕ್ಕೆ ಪ್ರೇಕ್ಷಕರು ಬೇಕು. ಮನೆಯಲ್ಲಿ ಒಬ್ಬರೇ ಇದ್ದಾಗ, ಬಚ್ಚಲಿಗೆ ಹೋಗಿಬರುವಾಗ, ಯಾರ ಚಪ್ಪಲಿ ತಾನೇ ಕಿತ್ತುಹೋಗಿದೆ? ಚೀಟಿಯಕ್ಕನ ಎಡಗಾಲಿನ ಪಟ್ಟಿಯೂ ಏಳು ತಿಂಗಳಿಂದ ಒಂದೇ ಎಳೆಯ ಮೇಲೆ ಜೀವ ಹಿಡಿದುಕೊಂಡಿತ್ತು. ನಿಘಂಟು ಕಚೇರಿಯ ಅಧ್ಯಕ್ಷರು ವರ್ಷಕ್ಕೊಮ್ಮೆ ಭೇಟಿ ಕೊಡುವ ದಿನ, ಅವರು ಮೆಟ್ಟಿಲು ಹತ್ತಿ ಹಜಾರಕ್ಕೆ ಕಾಲಿಟ್ಟ ಕ್ಷಣ ನೋಡಿಕೊಂಡೇ ಅದು ಪ್ರಾಣ ಬಿಟ್ಟಿತು. ಆಕೆಯ ಕೈಯಲ್ಲಿ ಮರದ ಡ್ರಾಯರು. ಡ್ರಾಯರಿನಲ್ಲಿ ಆರುನೂರ ಹದಿನಾಲ್ಕು ಚೀಟಿ. ಮುಗ್ಗರಿಸಿದ್ದು ಒಂದೇ ಹೆಜ್ಜೆ. ಹಾರಿದ್ದು ಆರುನೂರ ಹದಿನಾಲ್ಕೂ.

ಒಂದು ಚೀಟಿ ಅಧ್ಯಕ್ಷರ ಬೂಟಿನ ಮೇಲೆ ಕೂತಿತು. ಇನ್ನೊಂದು ಪ್ರಧಾನ ಸಂಪಾದಕರ ಚಹಾ ಲೋಟಕ್ಕೆ ಇಳಿಯಿತು. ಐವತ್ತೆಂಟು ವರ್ಷದ ಚೀಟಿಯಕ್ಕ ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ನಾಲ್ಕೂ ಕಡೆ ಕೈ ಚಾಚುತ್ತ ನೆಲದ ಮೇಲೆ ಮಂಡಿಯೂರಿದಳು. ಇಂಥ ಹೊತ್ತಿನಲ್ಲಿ ಮನುಷ್ಯರು ಒಂದು ಪೆದ್ದು ನಗೆ ನಗುತ್ತಾರಲ್ಲ, ಅದನ್ನೂ ನಕ್ಕಳು.

ಅಧ್ಯಕ್ಷರು ಸಂಭಾವಿತರು. ಬೂಟಿನ ಮೇಲಿನ ಚೀಟಿಯನ್ನು ತಾವೇ ಬಗ್ಗಿ ಎತ್ತಿಕೊಟ್ಟು, “ಇವರು ಯಾರು?” ಎಂದು ಕೇಳಿದರು.

“ಇವ್ರಾ?” ಪ್ರಧಾನ ಸಂಪಾದಕರು ಲೋಟದಿಂದ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ನೊಣವನ್ನು ಹಿಡಿದವರಂತೆ ಹಿಡಿದು ಹೇಳಿದರು, “ಇವ್ರು ಚೀಟಿ ಎತ್ತಿಡೋರು ಸಾರ್. ಬನ್ನಿ ಬನ್ನಿ, ನಾ ಹದಿನಾಲ್ಕು ವರ್ಷ ಕೂತು ಮಾಡಿದ ಕೆಲಸ ತೋರಿಸ್ತೀನಿ.”

ಆ ಹದಿನಾಲ್ಕು ವರ್ಷದ ಕೆಲಸ ಅಷ್ಟೂ ಆ ಹೊತ್ತಿಗೆ ನೆಲದ ಮೇಲಿತ್ತು. ಮಾಡಿದವಳೂ ಅಲ್ಲೇ ಇದ್ದಳು.

ಆ ಕಚೇರಿಯ ಕೆಲಸ ಎಂಥದು ಎಂದು ಇಲ್ಲಿ ಎರಡು ಮಾತು ಹೇಳಬೇಕು. ಒಂದೊಂದು ಪುಟ್ಟ ಪದವನ್ನು ಹಿಡಿದು, ಅದು ಯಾವ ಯಾವ ಭಾಷೆಯಲ್ಲಿ ಯಾವ ಯಾವ ವೇಷ ಹಾಕಿದೆ ಎಂದು ಹುಡುಕಿ, ಪದಕ್ಕೊಂದರಂತೆ ತೆಳುವಾದ ಪುಸ್ತಕ ತರುವುದು ಅವರ ಕಸುಬು. ಪುಸ್ತಕಕ್ಕೆ ಮೊದಲು ಚೀಟಿ. ಅಂಗೈಯಗಲದ ಒಂದು ಚೀಟಿಯಲ್ಲಿ ಪದ, ಅರ್ಥ, ಅದನ್ನು ಬಳಸಿದ ವಾಕ್ಯ, ಹೇಳಿದವರು, ಜಾಗ, ತಾರೀಖು, ಸಂದರ್ಭ. ಜನ ಈಗಲೂ ಆಡುವ ಅರ್ಥಕ್ಕೆ ಕನಿಷ್ಠ ಮೂರು ಜೀವಂತ ಸಾಕ್ಷಿ ಬೇಕು, ವಾಕ್ಯ ಬಾಯಿಂದ ಬಂದ ಹಾಗೆಯೇ ಇರಬೇಕು, ಒಂದಕ್ಷರ ತಿದ್ದಕೂಡದು. ಇದು ಪ್ರಧಾನರೇ ಮಾಡಿದ ಸಾಕ್ಷಿ ನಿಯಮ. ಯಾರ ಕೈಬರಹವೂ ಕಾಣಬಾರದೆಂದು ಚೀಟಿಗಳನ್ನೆಲ್ಲ ಟೈಪು ಮಾಡಬೇಕು ಎಂಬುದೂ ಅವರದೇ ನಿಯಮ. ಚೀಟಿಯಲ್ಲಿ ಎಲ್ಲದಕ್ಕೂ ಒಂದೊಂದು ಕಲಮು ಇತ್ತು. ಬರೆದವರ ಹೆಸರಿಗೆ ಮಾತ್ರ ಇರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಚೀಟಿಯಕ್ಕನಿಗೆ ಸಿಕ್ಕಿದ ಪದ ‘ನಾ’. ಒಂದೇ ಅಕ್ಷರ. “ಒಂದು ವಾರದ ಕೆಲಸ, ಮುಗಿಸಿಬಿಡಿ,” ಎಂದಿದ್ದರು ಪ್ರಧಾನರು. “ಪುಸ್ತಕ ಬರಲಿ, ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ.” ಆಕೆ ಆ ಮಾತನ್ನು ನಂಬಿದಳು. ಆಗ ಆಕೆಗೆ ನಲವತ್ತನಾಲ್ಕು. ನಂಬುವುದಕ್ಕೆ ಅದೇನು ವಯಸ್ಸಲ್ಲ, ಆದರೂ ನಂಬಿದಳು.

ಊರಿನಲ್ಲಿ ಬಂದರು ಇತ್ತು, ಬಂದರಿಗೆ ಹಡಗು ಬರುತ್ತಿತ್ತು, ಹಡಗಿನಲ್ಲಿ ಜನ ಬರುತ್ತಿದ್ದರು. ಆಕೆಯ ಗಂಡನಿಗೆ ಬಂದರಿನ ರಸ್ತೆಯಲ್ಲೇ ಕನ್ನಡಕದ ಅಂಗಡಿ. ಮೂಗು ಇರುವವರೆಲ್ಲ ಯಾವತ್ತೋ ಒಮ್ಮೆ ಆ ಅಂಗಡಿಗೆ ಬಂದೇ ಬರುತ್ತಿದ್ದರು. ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಚೀಟಿಯಕ್ಕ ಕಿವಿ ನೆಟ್ಟಳು. ನಾವಿಕರ ವಸತಿಗೃಹದ ರಷ್ಯನ್ ಅಡುಗೆಯವನು ರೊಟ್ಟಿಯ ತುಂಡು ಮುಂದೆ ಹಿಡಿದು “ನಾ” ಎಂದ: ತಗೋ ಎಂದು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಮುದುಕ ತಮ್ಮನಿಗೆ ಕೈಬೀಸಿ “ನಾ” ಎಂದ: ಬಾ ಎಂದು. ತಮ್ಮನ ಬದಲು ತಂಗಿಯಾಗಿದ್ದರೆ ಬೇರೆ ಮಾತು ಹೇಳಬೇಕಿತ್ತಂತೆ; ಅದನ್ನು ತಿಳಿಯಲು ಆಕೆ ಆ ಬೆಂಚಿನ ಮೇಲೆ ಇನ್ನೂ ಎರಡು ಗಂಟೆ ಕೂತಳು. ಹಿಂದಿಯಲ್ಲಿ ಬೇಡ, ತೆಲುಗಿನಲ್ಲಿ ನನ್ನ, ಹಳೆಯ ತಮಿಳು ಪದ್ಯಗಳಲ್ಲಿ ನಾಲಗೆ, ಸಂಸ್ಕೃತದಲ್ಲಿ ಗಂಡಸು. ಸ್ವಾಹಿಲಿಯಲ್ಲಿ ಇಬ್ಬರನ್ನು ಜೋಡಿಸುವ ‘ಮತ್ತು’. ಥಾಯ್ ನರ್ಸೊಬ್ಬಳು ಸೂಜಿ ಚುಚ್ಚುವ ಮೊದಲು ಮಾತಿನ ಕೊನೆಗೆ ಒಂದು ‘ನ’ ಹಚ್ಚಿದಳು. ಅದಕ್ಕೆ ಅರ್ಥವೇ ಇಲ್ಲ, ಬರೀ ಮೆತ್ತಗೆ ಮಾಡಲು, ಹತ್ತಿಯ ಹಾಗೆ. ಕನ್ನಡಕಕ್ಕೆ ಬಂದ ಜಪಾನಿ ಹೆಂಗಸು ‘ನ’ ಅಂದರೆ ಹೆಸರು, ‘ನ’ ಅಂದರೆ ಸೊಪ್ಪು ಕೂಡ ಎಂದು ತಿಳಿಸಿ, ಎರಡನ್ನೂ ಒಂದೇ ಕಾಗದದಲ್ಲಿ ಬೇರೆ ಬೇರೆ ಚಿತ್ರದಂತೆ ಬರೆದುಕೊಟ್ಟಳು. ಕೊರಿಯನ್ ಭಾಷೆಯಲ್ಲಿ, ನಮ್ಮ ಮಾತಿನಲ್ಲಿ ಇರುವಂತೆಯೇ, ‘ನಾ’ ಎಂದರೆ ನಾನೇ. ಆ ದಿನ ಆಕೆಗೆ ದೂರದ ಊರಿನಲ್ಲಿ ತವರುಮನೆಯವರು ಸಿಕ್ಕಿದಷ್ಟು ಖುಷಿಯಾಗಿತ್ತು.

ಗ್ರೀಕ್ ನಾವಿಕನ ಕಥೆ ಬೇರೆಯೇ. ತಲೆಯ ಮೇಲೆ ಏರಿಸಿಕೊಂಡಿದ್ದ ಕನ್ನಡಕವನ್ನು ಅರ್ಧ ಗಂಟೆ ಹುಡುಕಾಡಿದ ಗೆಳೆಯನಿಗೆ ಅವನು ಬೆರಳು ತೋರಿ “ನಾ!” ಎಂದಿದ್ದ: ಅಗೋ ನೋಡು ಎಂದು. ಅಂಗಡಿಯಿಂದ ಆಚೆ ಹೋಗಿ, ನೀರು ಹಾರಿಸಿದ ಟ್ಯಾಕ್ಸಿಯವನಿಗೆ ಐದೂ ಬೆರಳು ಅಗಲಿಸಿ ಅಂಗೈ ತೋರಿಸಿ ಮತ್ತೆ “ನಾ!” ಎಂದಿದ್ದ: ಅದು ಬೈಗುಳ. ಚೀಟಿಯಕ್ಕ ಎರಡನ್ನೂ ಬರೆದಳು. “ಬೈಗುಳ ಎಲ್ಲ ಬೇಡ, ಹೊಡೆದುಹಾಕಿ,” ಎಂದರು ಪ್ರಧಾನರು. ತಿಂಗಳೊಳಗೆ ಒಂದು ಕಾಲೇಜಿನ ಭಾಷಣದಲ್ಲಿ, “ನಾ ಒಂದ್ಸಲ ಬಂದರಿನಲ್ಲಿ ನಿಂತಿದ್ದಾಗ ಒಬ್ಬ ಗ್ರೀಕ್ ನಾವಿಕ...” ಎಂದು ಶುರುಮಾಡಿ ಐದು ಬೆರಳನ್ನೂ ಅಗಲಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ಚೀಟಿಯಕ್ಕನೂ ಚಪ್ಪಾಳೆ ತಟ್ಟಿದ್ದಳು. ಅದನ್ನು ನೆನೆದಾಗಲೆಲ್ಲ ಆಕೆಗೆ ತನ್ನ ಕೈಗಳ ಮೇಲೇ ಸಿಟ್ಟು ಬರುತ್ತಿತ್ತು.

ಈಗ ಹಜಾರದಲ್ಲಿ ಚೀಟಿ ಆರಿಸಿ ಮುಗಿಸಿ, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು, ಆಕೆ ಪ್ರಧಾನರ ಕೋಣೆಗೆ ಡ್ರಾಯರು ಇಡಲು ಹೋದಳು. ಮೇಜಿನ ಮೇಲೆ ಪುಸ್ತಕದ ರಕ್ಷಾಪುಟದ ಮಾದರಿ. ಮೇಲೆ ದೊಡ್ಡದಾಗಿ ‘ನಾ’. ಕೆಳಗೆ ಪ್ರಧಾನರ ಹೆಸರು. ಹಿಂಬದಿಯಲ್ಲಿ ಪ್ರಧಾನರು ಗಲ್ಲಕ್ಕೆ ಬೆರಳಿಟ್ಟ ಫೋಟೊ. ಜೊತೆಗಿಟ್ಟಿದ್ದ ಕೃತಜ್ಞತೆಯ ಪುಟದಲ್ಲಿ ಅವರ ಹೆಂಡತಿ, ಅವರ ಗುರುಗಳು, ಅವರ ಹಲ್ಲಿನ ಡಾಕ್ಟರು, ಕೊನೆಗೆ ‘ಚೀಟಿ ಜೋಡಿಸಿದ ಸಿಬ್ಬಂದಿ’.

“ಸಾರ್, ಅವತ್ತು ನೀವು ಹೆಸರಿನ ವಿಷಯ...” ಎಂದು ಬಾಯಿ ತೆಗೆದಳು.

“ಅಯ್ಯೋ ಅಮ್ಮಾ, ಹೆಸರಲ್ಲೇನಿದೆ?” ಎಂದರು ಪ್ರಧಾನರು, ತಮ್ಮ ಹೆಸರು ನೇರವಾಗಿ ಕೂತಿದೆಯೇ ಎಂದು ಸ್ಕೇಲು ಇಟ್ಟು ಅಳೆಯುತ್ತ. “ಇನ್ನೇನು ಎರಡು ವರ್ಷಕ್ಕೆ ರಿಟೈರ್ ಆಗ್ತೀರಿ. ನಾ ಇದ್ದೀನಲ್ಲ!”

ಪ್ರಧಾನರು ‘ನಾನು’ ಎನ್ನುವಷ್ಟು ಪುರುಸೊತ್ತಿನವರಲ್ಲ. ‘ನಾ’ ಎಂದು ಮೊಟಕಾಗಿ ಹೇಳಿ, ಉಳಿದ ಸಮಯದಲ್ಲಿ ಇನ್ನೊಂದು ‘ನಾ’ ಹೇಳುತ್ತಿದ್ದರು.

ಮನೆಯಲ್ಲಿ ಆಕೆ ಪಾತ್ರೆ ಇಡುವ ಸದ್ದಿನಲ್ಲೇ ಗಂಡನಿಗೆ ಸಮಾಚಾರ ತಿಳಿಯಿತು.

“ಏನಾಯ್ತೇ? ಆ ಬಾಣಲೆ ಏನು ಮಾಡಿತ್ತು ನಿಂಗೆ?”

ಆಕೆ ಎಲ್ಲ ಹೇಳಿದಳು. ಗಂಡ ಗಾಜು ಉಜ್ಜುತ್ತಿದ್ದವನು ಕೈ ನಿಲ್ಲಿಸಿದ. ಅವನದು ಮಾತಿನಲ್ಲಿ ಸದಾ ತಮಾಷೆ. ಆದರೆ ಹೆಂಡತಿಯ ಕಣ್ಣು ಕೆಂಪಾದರೆ ಅವನ ತಮಾಷೆಗೂ ಹಲ್ಲು ಬರುತ್ತಿತ್ತು. “ಅವರ ಕನ್ನಡಕ ನನ್ನ ಹತ್ರಾನೇ ಬರತ್ತಲ್ಲ. ಈ ಸಲ ನಂಬರು ಉಲ್ಟಾ ಹಾಕಿಬಿಡ್ಲಾ? ಮೆಟ್ಟಿಲು ಒಂದಕ್ಕೆರಡು ಕಾಣ್ಲಿ.”

“ಬೇಡ. ಅವ್ರಿಗೆ ಕಣ್ಣು ಚೆನ್ನಾಗಿ ಕಾಣ್ಬೇಕು. ಓದ್ಬೇಕು ಅವ್ರು.”

“ಏನು ಓದ್ಬೇಕು?”

“ಗೊತ್ತಿಲ್ಲ ಇನ್ನೂ.”

ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಗೆ ಎಂಬತ್ತೊಂದು. ಸೇಡಿನ ವಿಷಯದಲ್ಲಿ ಮನೆಗೆಲ್ಲ ಹಿರಿಯರು. “ನೋಡು ತಾಯಿ,” ಎಂದರು, “ನಿನ್ನ ಮಾವನ ಅಕ್ಕನ್ನ ನಾನು ಇಪ್ಪತ್ತಾರು ವರ್ಷದಿಂದ ಮಾತಾಡಿಸಿಲ್ಲ. ಎದುರಿಗೆ ಕೂತ್ರೂ ತುಟಿ ಬಿಚ್ಚಿಲ್ಲ.”

“ಅದರಿಂದ ಏನಾಯ್ತು ಅತ್ತೆ?”

“ಏನೂ ಆಗ್ಲಿಲ್ಲ. ಅವಳಿಗೆ ಕಿವಿ ಕೇಳ್ಸಲ್ಲ. ನಾನು ಮಾತು ಬಿಟ್ಟಿದ್ದೀನಿ ಅಂತ್ಲೇ ಇನ್ನೂ ಗೊತ್ತಾಗಿಲ್ಲ ಅವಳಿಗೆ.” ಅತ್ತೆ ಒಂದು ಸೊಟ್ಟ ಬಟಾಣಿಯನ್ನು ಸಿಟ್ಟಿನಿಂದ ಆಚೆ ಎಸೆದರು. “ನಾ ಮಾಡಿದ ತಪ್ಪು ನೀನು ಮಾಡ್ಬೇಡ. ಏನೇ ಮಾಡು, ಅವ್ನಿಗೆ ತಿಳಿಯೋ ಹಾಗೆ ಮಾಡು. ಅವ್ನ ಬಾಯಲ್ಲೇ ಬರೋ ಹಾಗೆ ಮಾಡು.”

ಚೀಟಿಯಕ್ಕ ಮುದುಕಿಯನ್ನೇ ನೋಡಿದಳು. ಅವರ ಬಾಯಿಂದ ಆಗಷ್ಟೇ ಒಂದು ‘ನಾ’ ಹೊರಬಿದ್ದಿತ್ತು. ಹದಿನಾಲ್ಕು ವರ್ಷದ ಅಭ್ಯಾಸ. ಕೈ ತಾನಾಗಿ ಚೀಲದೊಳಗಿನ ಖಾಲಿ ಚೀಟಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ನಮ್ಮ ಮಾತಿನ ‘ನಾ’ ಎಂಬ ಮೊದಲ ಅರ್ಥಕ್ಕೆ ಪುಸ್ತಕದಲ್ಲಿ ಇದ್ದದ್ದೆಲ್ಲ ಹಳೆಯ ಗ್ರಂಥಗಳ ಸಾಲುಗಳು. ಸಾಕ್ಷಿ ನಿಯಮದಂತೆ ಜೀವಂತ ಸಾಕ್ಷಿ ಒಂದೂ ಇರಲಿಲ್ಲ. ಎಂದರೆ ಆ ಅರ್ಥದ ಕೆಲಸ ಇನ್ನೂ ಬಾಕಿ ಇತ್ತು. ಪುಸ್ತಕ ಬಿಡುಗಡೆಗೆ ನಲವತ್ತೊಂದು ದಿನವಿತ್ತು.

ಮರುದಿನ ಬೆಳಿಗ್ಗೆ ಆಕೆ ಹೊಸ ಚಪ್ಪಲಿ ಮೆಟ್ಟಿ, ನೂರು ಖಾಲಿ ಚೀಟಿ ಹಿಡಿದು, ಪ್ರಧಾನರ ಕೋಣೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. “ಮೊದಲ ಅರ್ಥಕ್ಕೆ ಇವತ್ತಿನ ಬಳಕೆಯ ಸಾಕ್ಷಿ ಬೇಕು ಸಾರ್. ನಿಮ್ಮಷ್ಟು ಚೆನ್ನಾಗಿ ಆ ಪದ ಬಳಸೋರು ಬೇರೆ ಯಾರಿದ್ದಾರೆ?” ಎಂದಳು. ಇದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಪ್ರಧಾನರು ಉಬ್ಬಿಹೋದರು. ಮೊದಲ ಒಂದೆರಡು ದಿನ ಕಾಲರು ಸರಿಮಾಡಿಕೊಂಡು ಮಾತಾಡಿದರು. ಆಮೇಲೆ ಆಕೆ ಕೂತಿರುವುದೂ ಮರೆತುಹೋಗಿ ಎಂದಿನಂತಾದರು. ಆಕೆಗೆ ಬೇಕಾದದ್ದು ಎಂದಿನದೇ. ಯಾರಾದರೂ ಬರುವುದು, ಅವರು ಹೇಳುವುದು, ಆಕೆ ಬರೆದುಕೊಳ್ಳುವುದು. ಆಮೇಲೆ ಮಧ್ಯಾಹ್ನವೆಲ್ಲ ನಡೆದಾಡಿ ಸಂದರ್ಭದ ಕಲಮು ತುಂಬುವುದು. ಅದಕ್ಕೇ ಆಕೆಯ ಕಾಲು ಸವೆದದ್ದು. ಹಳೆಯ ಕಡತ ತೆಗೆಸಿದಳು, ಕಪಾಟು ಸರಿಸಿ ಹಿಂಬದಿ ನೋಡಿದಳು, ರಿಟೈರ್ ಆದವರ ಮನೆ ಹುಡುಕಿಕೊಂಡು ಹೋದಳು. ಒಂದು ಸಂದರ್ಭವನ್ನು ಇಬ್ಬರಾದರೂ ಒಪ್ಪದಿದ್ದರೆ ಚೀಟಿಯನ್ನು ಹರಿದುಹಾಕಿದಳು. ದ್ವೇಷದಲ್ಲಿ ಇಷ್ಟು ಶುದ್ಧಹಸ್ತರು ಸಿಗುವುದು ಅಪರೂಪ. ನಮ್ಮಂಥವರಾಗಿದ್ದರೆ ಉಪ್ಪುಖಾರ ಹಚ್ಚದೆ ಇರುತ್ತಿರಲಿಲ್ಲ.

ಹೀಗೆ ಮೊದಲ ಅರ್ಥ ಮೂರು ಕವಲಾಯಿತು. ಒಂದು: ಹೇಳುವವರು ತಾವೇ ಮಾಡಿದ್ದು. ಎರಡು: ಬೇರೆಯವರ ಜೊತೆ ಸೇರಿ ಮಾಡಿದ್ದು. ಮೂರು: ಬೇರೆಯವರು ಮಾಡಿ, ಹೇಳುವವರು ತಮ್ಮದೆನ್ನುವುದು. ಮೊದಲ ಎರಡು ಕವಲಿಗೆ ಬಂದರಿನ ಕೂಲಿಯವರು, ದರ್ಜಿ, ನರ್ಸು, ಬಸ್ ಡ್ರೈವರು, ಅತ್ತೆ ಮುಂತಾದವರ ಮಾತು. ಮೂರನೆಯದಕ್ಕೆ ಸಾಕ್ಷಿ ಹುಡುಕಿಕೊಂಡು ಆಕೆ ಊರು ಸುತ್ತಬೇಕಾಗಿ ಬರಲಿಲ್ಲ.

ಮೂವತ್ತನೆಯ ದಿನ ಆಕೆಗೆ ಕೆಮ್ಮು ಹತ್ತಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬರೆಯುತ್ತಿದ್ದಾಗ ಪ್ರಧಾನರು ಎದ್ದು ಬಂದು ಒಂದು ಕೆಮ್ಮಿನ ಮಾತ್ರೆ ಚೀಟಿಗಳ ಮೇಲಿಟ್ಟರು. “ಚಪ್ಪರಿಸಿ. ಮನೇಗೆ ಹೋಗಿ ಮಲ್ಕೊಳ್ಳಿ,” ಎಂದರು. ಆ ದಿನ ಚೀಟಿಯಕ್ಕ ಮತ್ತೇನೂ ಬರೆಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಎಲ್ಲ ಕಟ್ಟಿ ಸಮುದ್ರಕ್ಕೆ ಎಸೆದುಬಿಡಲೇ ಎಂದೂ ಅನ್ನಿಸಿತು. ಮನುಷ್ಯ ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಅನುಕೂಲ ಎಂದುಕೊಂಡಳು. ಎರಡು ದಿನ ಬಿಟ್ಟು ಕಚೇರಿಗೆ ಬಂದಾಗ ಅವರು ಯಾರೋ ಅತಿಥಿಗೆ ಹೇಳುತ್ತಿದ್ದರು: “ಅವ್ರ ಕೆಮ್ಮು ವಾಸಿ ಮಾಡಿದ್ದೇ ನಾ.” ಆಕೆ ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಕೂತಳು. ಸಂದರ್ಭದ ಕಲಮಿಗೆ, ತನಗೆ ಔಷಧಿ ಕೊಟ್ಟ ಡಾಕ್ಟರ ಚೀಟಿಯ ವಿವರ ಹಾಕಿದಳು.

ಪುಟ ಕಟ್ಟುವ ಕಂಪೋಸಿಟರು ಹಳೆಯ ಮನುಷ್ಯ. ಮೊದಲ ಕರಡು ತೆಗೆದು ಓದಿ, ಕನ್ನಡಕ ಹಣೆಗೇರಿಸಿ, ಬಾಗಿಲು ಮುಂದೆ ಮಾಡಿ ಬಂದ.

“ಅಕ್ಕಾ, ಏಳನೇ ಪುಟ... ಇದು ನಿಜವಾಗ್ಲೂ ಹೋಗತ್ತಾ?”

“ನಿಯಮದ ಪ್ರಕಾರ ಏನಾದ್ರೂ ತಪ್ಪಿದೆಯಾ ಅಣ್ಣ?”

“ನಿಯಮದ ಪ್ರಕಾರ ತಪ್ಪಿಲ್ಲ. ನನ್ನ ಹೊಟ್ಟೆ ಪ್ರಕಾರ ತಪ್ಪಿದೆ. ನಗು ತಡ್ಕೊಳ್ಳೋಕೆ ಆಗ್ತಿಲ್ಲ. ನಿಮ್ಮ ಕೆಲಸ ಹೋದ್ರೆ?”

“ಹೋಗ್ಲಿ. ಹೋದ ಕೆಲಸ ನಂದು ಅಂತಾದ್ರೂ ಆಗತ್ತಲ್ಲ.”

ಕರಡನ್ನು ಪ್ರಧಾನರಿಗೆ ಮೂರು ಸಲ ತೋರಿಸಿ ಸಹಿ ಹಾಕಿಸಬೇಕು ಎಂಬುದು ಪದ್ಧತಿ. ಆಕೆ ಮೂರು ಸಲವೂ ತೋರಿಸಿದಳು. ಮೊದಲ ಸಲ ಅವರು ಮುನ್ನುಡಿ ಓದಿ ಸಹಿ ಹಾಕಿದರು. ಅದು ಅವರದೇ ಮುನ್ನುಡಿ. ಎರಡನೆಯ ಸಲ ಫೋಟೊ ನೋಡಿ ಸಹಿ ಹಾಕಿದರು. ಮೂರನೆಯ ಸಲ ಚೀಟಿಯಕ್ಕನೇ ಬೆರಳಿಟ್ಟು ಹೇಳಿದಳು: “ಸಾರ್, ಏಳನೇ ಪುಟ ಒಂದ್ಸಲ ಓದಿಬಿಡಿ. ಮೂರನೇ ಕವಲು. ನಾಳೆ ‘ನೀವು ಹೇಳಲಿಲ್ಲ’ ಅನ್ಬಾರ್ದು.” ಇದು ಕರುಣೆಯಲ್ಲ. ಬೆರಳಿಟ್ಟು ತೋರಿಸಿದರೂ ಅವರು ನೋಡಲಿಲ್ಲ ಎಂಬುದೂ ಆಕೆಗೆ ಬೇಕಿತ್ತು.

“ಪೂರ್ತಿ ನಾ ಓದಿದ್ದೀನಮ್ಮ,” ಎಂದರು ಪ್ರಧಾನರು. ಪೆನ್ನು ಜರ್ ಎಂದು ಓಡಿತು.

ಆಕೆ ಅದನ್ನೂ ಬರೆದುಕೊಂಡಳು. ಮೂರನೇ ಕವಲಿನಲ್ಲಿ ಹದಿನೇಳು ಸಾಕ್ಷಿ ಇದ್ದವು, ಹದಿನೆಂಟಾದವು. ಸೇರಿಸಿದ ಪುಟವನ್ನು ಮತ್ತೆ ಮುಂದಿಟ್ಟಾಗ ಅದರ ಮೇಲೂ ಸಹಿ ಬಿತ್ತು.

ಬಿಡುಗಡೆಯ ದಿನ ಸಭಾಂಗಣದಲ್ಲಿ ಕುರ್ಚಿ ಜೋಡಿಸಿದ್ದೂ ಚೀಟಿಯಕ್ಕನೇ. ಜನ ಚೆನ್ನಾಗಿಯೇ ಬಂದಿದ್ದರು: ಕಾಲೇಜಿನವರು, ಪತ್ರಿಕೆಯವರು, ರಿಟೈರ್ ಆದ ಸಿಬ್ಬಂದಿ, ಬಂದರಿನ ಗುಮಾಸ್ತರು. ಗಂಡ ಅಂಗಡಿ ಮುಚ್ಚಿ, ಅತ್ತೆಯ ಕೈ ಹಿಡಿದು ಕರೆತಂದಿದ್ದ. ಅತ್ತೆ, ಕಾಣುವುದಿಲ್ಲ ಎಂದು ಹಟಮಾಡಿ, ಪತ್ರಿಕೆಯವರಿಗೆಂದು ಮೀಸಲಿಟ್ಟ ಮೊದಲ ಸಾಲಿನಲ್ಲೇ ಕೂತರು.

ಪ್ರಧಾನರು ಮುಕ್ಕಾಲು ಗಂಟೆ ಮಾತಾಡಿದರು. ಗ್ರೀಕ್ ನಾವಿಕ ಬಂದ, ರಷ್ಯನ್ ಅಡುಗೆಯವನು ಬಂದ, ಬೆಂಚಿನ ಮೇಲಿನ ಮುದುಕ ಬಂದ. ಎಲ್ಲರೂ ನೇರವಾಗಿ ಪ್ರಧಾನರ ಬಳಿಗೇ ಬಂದಿದ್ದರು. ಹಿಂದೆ ಗೋಡೆಗೊರಗಿ ನಿಂತಿದ್ದ ಚೀಟಿಯಕ್ಕ ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಪುಸ್ತಕದ ಮೊದಲ ಆರು ಪುಟ ಮುನ್ನುಡಿ. ಮೊದಲ ಅರ್ಥದ ಪುಟವನ್ನು ಅಧ್ಯಕ್ಷರು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು ಎಂಬ ಸಂಪ್ರದಾಯವನ್ನೂ ಪ್ರಧಾನರೇ ಹಾಕಿಕೊಟ್ಟಿದ್ದರು.

ಅಧ್ಯಕ್ಷರು ಏಳನೇ ಪುಟ ತೆಗೆದರು. ಒಂದನೇ ಕವಲು, ಎರಡನೇ ಕವಲು ಓದಿದರು. ಆಮೇಲೆ:

“ಮೂರು. ಬೇರೆಯವರು ಮಾಡಿದ್ದನ್ನು ಹೇಳುವವರು ತಮ್ಮದೆನ್ನುವಲ್ಲಿ. ‘ಈ ಕಪಾಟುಗಳನ್ನೆಲ್ಲ ಮಾಡಿಸಿದ್ದು ನಾ.’ ಹೇಳಿದವರು: ನಿಘಂಟು ಕಚೇರಿಯ ಪ್ರಧಾನ ಸಂಪಾದಕರು. ಸಂದರ್ಭ: ಕಪಾಟಿನ ಹಿಂಬದಿಯಲ್ಲಿ ಬಡಗಿ ಕೊರೆದ ವರ್ಷವಿದೆ, ಹೇಳಿದವರು ಆಗ ಪ್ರೈಮರಿ ಶಾಲೆಯಲ್ಲಿದ್ದರು.”

ವೇದಿಕೆಯ ಮೇಲೆ ಪ್ರಧಾನರು ತಮ್ಮ ಹುದ್ದೆಯ ಹೆಸರು ಕೇಳಿದ್ದಕ್ಕೆ ಮುಗುಳ್ನಕ್ಕು ತಲೆಯಾಡಿಸಿದರು.

“‘ಮಳೆ ಬರತ್ತೆ ಅಂತ ನಾ ನಿನ್ನೆ ಇಲ್ಲೇ ಕೂತು ಹೇಳಿದ್ದೆ.’ ಹೇಳಿದವರು: ಅವರೇ. ಸಂದರ್ಭ: ಮಳೆ ಬರುವುದೆಂದು ಹೇಳಿದ್ದು ರೇಡಿಯೊ; ಹಿಂದಿನ ದಿನ ಕಚೇರಿಗೆ ರಜೆ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಪ್ರಧಾನರ ತಲೆ ಇನ್ನೊಂದು ಸಲ ಆಡಿತು, ಅರ್ಧಕ್ಕೆ ನಿಂತಿತು.

“‘ಗ್ರೀಕ್ ನಾವಿಕನನ್ನು ಮಾತಿಗೆಳೆದದ್ದು ನಾ.’ ಹೇಳಿದವರು: ಅವರೇ. ಸಂದರ್ಭ: ಆ ಹಡಗು ಬಂದರಿನಲ್ಲಿದ್ದ ನಾಲ್ಕೂ ದಿನ ಹೇಳಿದವರು ಮಾವನ ಮನೆಯಲ್ಲಿದ್ದರು, ರಜೆ ಅರ್ಜಿ ಕಡತದಲ್ಲಿದೆ.”

ಅಧ್ಯಕ್ಷರು ನಿಲ್ಲಿಸಬೇಕಿತ್ತು. ಆದರೆ ಅವರದು ಶುರುಮಾಡಿದ್ದನ್ನು ಮುಗಿಸುವ ಜಾತಿ. ಓದುತ್ತಲೇ ಹೋದರು. ಐದನೆಯದಕ್ಕೆ ಸಭೆ ಬಾಯಿಬಿಟ್ಟು ನಕ್ಕಿತು. ಎಂಟನೆಯದಕ್ಕೆ ರಿಟೈರ್ ಆದ ಗ್ರಂಥಪಾಲಕರು ಎದ್ದುನಿಂತು, “ಹೌದು, ಅದು ನಾನು ಮಾಡಿದ್ದು!” ಎಂದು ಕೂಗಿದರು. ಕೆಮ್ಮಿನ ಮಾತ್ರೆಯ ಸಾಕ್ಷಿಗೆ ಪತ್ರಿಕೆಯವನೊಬ್ಬ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡ. ಪ್ರಧಾನರ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಹದಿನೆಂಟನೆಯದು ಬಂತು.

“‘ಪೂರ್ತಿ ನಾ ಓದಿದ್ದೀನಮ್ಮ.’ ಹೇಳಿದವರು: ಅವರೇ. ಸಂದರ್ಭ: ಈ ಪುಟ.”

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಧಾನರ ಕಣ್ಣು ಆ ಗದ್ದಲದ ಮೇಲಿಂದ ಹುಡುಕುತ್ತ ಹುಡುಕುತ್ತ ಹಿಂದಿನ ಗೋಡೆಗೆ ಬಂದು ಚೀಟಿಯಕ್ಕನ ಮೇಲೆ ನಿಂತಿತು. ಆಕೆ ಕಣ್ಣು ತಗ್ಗಿಸಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವರು ಆಕೆಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಮೊದಲ ಸಾಲಿನಲ್ಲಿ ಅತ್ತೆ ಪಕ್ಕದವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು: “ಗೊತ್ತಾಯ್ತು! ಅವ್ನಿಗೆ ಗೊತ್ತಾಯ್ತು ನೋಡಿ!”

ಮೂರು ದಿನದ ಮೇಲೆ ವಿಚಾರಣೆ. ಉದ್ದನೆಯ ಮೇಜಿನ ಮೇಲ್ತುದಿಗೆ ಅಧ್ಯಕ್ಷರು, ಬಲಗಡೆ ಪ್ರಧಾನರು, ಎಡಗಡೆ ನಡಾವಳಿ ಬರೆಯುವ ಗುಮಾಸ್ತ, ಕೆಳಗಿನ ತುದಿಯಲ್ಲಿ ಚೀಟಿಯಕ್ಕ. ಬೆಳಿಗ್ಗೆ ಹೊರಡುವಾಗ ಗಂಡ ಆಕೆಯ ಕನ್ನಡಕವನ್ನು ಎರಡು ಸಲ ಒರೆಸಿಕೊಟ್ಟಿದ್ದ. “ಕೆಲಸ ಹೋದ್ರೆ ಅಂಗಡಿ ಸ್ಟೂಲು ಖಾಲಿ ಇದೆ. ಅಲ್ಲಿ ಹೆಸರು ಬೇಕಾದ್ರೆ ಬೋರ್ಡಿಗೇ ಹಾಕಿಸ್ತೀನಿ,” ಎಂದಿದ್ದ. ಆಕೆ ನಕ್ಕಿರಲಿಲ್ಲ. ಎರಡು ವರ್ಷಕ್ಕೆ ಮೊದಲೇ ಮನೆಗೆ ಕಳಿಸಿದರೆ ಹೋಗುವುದು ಕೆಲಸ ಒಂದೇ ಅಲ್ಲ. ‘ನಾ’ ಅವರ ಹೆಸರಿನಲ್ಲೇ ಉಳಿದುಹೋಗುತ್ತದೆ. ಚೀಟಿಗಳಲ್ಲಿ ಆಕೆಯ ಗುರುತು ಒಂದೂ ಇರಲಿಲ್ಲ.

“ಅಚ್ಚಿನ ತಪ್ಪು ಸಾರ್ ಇದು,” ಎಂದರು ಪ್ರಧಾನರು ಮೊದಲಿಗೆ.

ಅಧ್ಯಕ್ಷರು ಕಂಪೋಸಿಟರು ಕಳಿಸಿದ ಕರಡುಗಳನ್ನು ಮುಂದೆ ತಳ್ಳಿದರು. ಮೂರರ ಮೇಲೂ ಸಹಿ, ಕೊನೆಗೆ ಸೇರಿಸಿದ ಪುಟದ ಮೇಲೂ ಸಹಿ.

“ಹಾಗಾದ್ರೆ ಆ ವಾಕ್ಯಗಳು ಸುಳ್ಳು.”

“ಯಾವುದು ಸುಳ್ಳು? ಒಂದು ತೋರಿಸಿ, ತೆಗೆಸೋಣ.”

ಪ್ರಧಾನರು ಏಳನೇ ಪುಟದ ಮೇಲಿಂದ ಕೆಳಗೆ ಬೆರಳು ಇಳಿಸಿದರು. ಬೆರಳು ಎಲ್ಲೂ ನಿಲ್ಲದೆ ಪುಟದ ತಳ ಮುಟ್ಟಿ ಮೇಜಿಗೆ ಜಾರಿತು.

“ನೋಡಿ,” ಎಂದರು ಅಧ್ಯಕ್ಷರು, “ರಕ್ಷಾಪುಟದ ಮೇಲೆ ಹೆಸರು ನಿಮ್ದು. ಸಹಿ ನಿಮ್ದು. ನಿಯಮ ನಿಮ್ದು. ಪತ್ರಿಕೆಗಳು ಇದನ್ನ ನಮ್ಮ ಕಚೇರಿಯ ಇಷ್ಟು ವರ್ಷದಲ್ಲಿ ಅತ್ಯಂತ ಪ್ರಾಮಾಣಿಕ ಪುಸ್ತಕ ಅಂತ ಬರೆದಿವೆ. ಆದ್ರೆ ಕಚೇರಿಯ ಮರ್ಯಾದೆ ಬೀದಿಪಾಲಾಗಿದೆ. ಗ್ರಂಥಕರ್ತರೇ ಇದರ ಹೊಣೆ ಹೊರಬೇಕು. ನೀವು ರಾಜೀನಾಮೆ...”

“ನಾ ಅಲ್ಲ ಸಾರ್!” ಪ್ರಧಾನರು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು. “ಗ್ರಂಥಕರ್ತ ನಾ ಅಲ್ಲವೇ ಅಲ್ಲ! ಇದರಲ್ಲಿ ಮುನ್ನುಡಿ ಬಿಟ್ರೆ ಒಂದಕ್ಷರಾನೂ ನಂದಲ್ಲ. ಹದಿನಾಲ್ಕು ವರ್ಷ ಬಂದರು, ಆಸ್ಪತ್ರೆ, ಅಂಗಡಿ ಅಂತ ತಿರುಗಿದ್ದು ಇವ್ರು. ಒಂದೊಂದು ಚೀಟಿ ಬರೆದಿದ್ದೂ ಇವ್ರೇ. ಮೊದಲನೇ ಪದದಿಂದ ಕೊನೇ ಪದದವರೆಗೆ ಇವ್ರೇ ಬರೆದಿದ್ದು! ನಾ ಬರೀ ಸಹಿ ಹಾಕ್ದೋನು! ಬರ್ಕೊಳ್ರೀ ಗುಮಾಸ್ತರೇ, ಬರ್ಕೊಳ್ಳಿ ಇದನ್ನ!”

ಗುಮಾಸ್ತ ಬರೆದುಕೊಂಡ. ಚೀಟಿಯಕ್ಕ ಆ ಪೆನ್ನನ್ನೇ ನೋಡುತ್ತಿದ್ದಳು; ಸಾಲು ಮುಗಿದು, ಚುಕ್ಕೆ ಬಿದ್ದು, ಶಾಯಿ ಒಣಗುವವರೆಗೂ ನೋಡಿದಳು.

ಅಧ್ಯಕ್ಷರು ಆಕೆಯ ಕಡೆಗೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು: “ಯೋಚನೆ ಮಾಡಿ ಹೇಳಮ್ಮಾ. ಹೌದು ಅಂದ್ರೆ ಏಳನೇ ಪುಟದ ಹೊಣೆಯೂ ನಿಮ್ಮ ತಲೆ ಮೇಲೇ ಬರತ್ತೆ. ಈ ಪುಸ್ತಕ ಪೂರ್ತಿ ಬರೆದಿದ್ದು ನೀವೇನಾ?”

“ಸಾಹೇಬ್ರೇ ಹಾಗಂತಿದ್ದಾರಲ್ಲ ಸಾರ್,” ಎಂದಳು ಚೀಟಿಯಕ್ಕ. “ಅವ್ರ ಮಾತಿಗೆ ನಾನು ಯಾವತ್ತೂ ಎದುರಾಡಿದವಳಲ್ಲ.”